ಒಂದು ಹನಿ ನೀರೂ ಒಳಗೆ ಬಾರದ ಟೆಂಟು

ಚಳಿಯ ಬಗ್ಗೆ ಮಾತನಾಡುವ ಯೋಗ್ಯತೆ ನಮ್ಮ ಸೀಮೆಯವರಿಗೆ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾಂಡವಪುರದಲ್ಲಿ ಧನುರ್ಮಾಸ ಬಂತೆಂದರೆ ಬೆಳಗಿನ ಹೊತ್ತು ನಲ್ಲಿಯ ನೀರು ಕೈಗೆ ಸ್ವಲ್ಪ ಚುರುಕ್ ಎನ್ನಿಸುತ್ತದೆ, ಅಷ್ಟೆ. ಅಷ್ಟಕ್ಕೇ ನಾವು ಮಂಕಿ ಟೋಪಿ ಹಾಕಿ, ಅದರ ಮೇಲೆ ಟವೆಲ್ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಹೊರಗೆ ಬರುತ್ತೇವೆ. ಹಾಲಿನ ಡೇರಿಯ ಮುಂದೆ ಸಾಲಾಗಿ ನಿಂತವರಲ್ಲಿ ಯಾರು ಯಾರೆಂದು ಮುಖ ನೋಡಿ ಗುರುತಿಸುವ ಹಾಗಿಲ್ಲ, ಕ್ಯಾನು ನೋಡಿ ಗುರುತಿಸಬೇಕು. ಮೇಲುಕೋಟೆಯಿಂದ ಇಳಿದು ಬರುವವರು ಬೆಟ್ಟದ ಚಳಿಯೇ ಚಳಿ ಎನ್ನುತ್ತಾರೆ. ನಾಗಮಂಗಲದ ಕಡೆ ದೇವಲಾಪುರದಲ್ಲಿರುವ ನನ್ನ ಭಾವಮೈದ ಶಿವಣ್ಣ, "ನಿಮ್ದು ನಾಲೆ ಬದಿ ಚಳಿ ಭಾವ, ಅದೇನ್ ಚಳಿ? ನಮ್ ಒಣಗಾಳಿಗೆ ಒಂದಿನ ನಿಂತ್ಕಂಡು ನೋಡಿ, ಕಿವಿ ಉದುರೋಯ್ತದೆ" ಎಂದು ಹೆಮ್ಮೆ ಪಡುತ್ತಾನೆ. ಬೇರೆ ಏನೂ ಬೆಳೆಯದ ವರ್ಷ ಜನ ಚಳಿಯನ್ನಾದರೂ ತಮ್ಮ ಬೆಳೆ ಎಂದು ಹೇಳಿಕೊಳ್ಳಬೇಕಲ್ಲ. ಆದರೆ ನಿಜವಾದ ಚಳಿ ಎಂದರೆ ಏನು ಎನ್ನುವುದು ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಅದು ನನಗೆ. ಅದೂ ಹಗಲು ಹನ್ನೊಂದು ಗಂಟೆಗೆ, ಶ್ರೀರಂಗಪಟ್ಟಣದ ಸುಡುಬಿಸಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಗೊತ್ತಾಯಿತು.

ನನ್ನ ಕಸುಬು ಟಾರ್ಪಾಲ್ ಹೊಲಿಯುವುದು. ಏಳನೇ ಕ್ಲಾಸು ಮುಗಿಯುವ ಮುಂಚೆ ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ ಈಗ ಸರಿಯಾಗಿ ನೆನಪಿಲ್ಲ. ಬಿಟ್ಟ ಮಾರನೆಯ ದಿನವೇ ಕೈಗೆ ದಬ್ಬಳ ಬಂದದ್ದು ಮಾತ್ರ ನೆನಪಿದೆ. ಅಂದಿನಿಂದ ಇಂದಿನವರೆಗೆ ಕಬ್ಬಿನ ಲಾರಿ, ಭತ್ತದ ಕಣ, ಬೆಲ್ಲದ ಆಲೆಮನೆ, ಸಿಮೆಂಟಿನ ಮೂಟೆ, ಟ್ರಾಕ್ಟರಿನ ತಲೆ, ಹೀಗೆ ಮಳೆಗೆ ಹೆದರುವ ಎಲ್ಲ ವಸ್ತುವಿಗೂ ಹೊದಿಕೆ ಹೊಲಿದಿದ್ದೇನೆ. ಬೇರೆಯವರು ಹೊಲಿಗೆ ಹಾಕಿ ಸುಮ್ಮನಾಗುತ್ತಾರೆ. ನಾನು ಹೊಲಿಗೆಯ ಮೇಲೆ ಮೇಣ ತಿಕ್ಕಿ, ಅದರ ಮೇಲೆ ಪಟ್ಟಿ ಅಂಟಿಸಿ, ಮತ್ತೆ ಮಗುಚಿ ಇನ್ನೊಂದು ಹೊಲಿಗೆ ಹಾಕುತ್ತೇನೆ. ಚೆಲುವಣ್ಣನ ಟಾರ್ಪಾಲಿನೊಳಗೆ ಒಂದು ಹನಿ ನೀರು ಹೋದರೆ ನಾನು ಅಂಗಡಿ ಮುಚ್ಚುತ್ತೇನೆ ಎಂದು ಎಷ್ಟೋ ಸಲ ಎಲ್ಲರೆದುರು ಹೇಳಿದ್ದೇನೆ. ಅಂಗಡಿ ಇನ್ನೂ ತೆರೆದೇ ಇದೆ. ಓದಿದವರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ನನ್ನ ಸರ್ಟಿಫಿಕೇಟು ಮಳೆಗಾಲದಲ್ಲಿ ಮೈಸೂರು ರಸ್ತೆಯ ಮೇಲೆ ಲಾರಿಗಳ ಬೆನ್ನೇರಿ ಓಡಾಡುತ್ತಿರುತ್ತದೆ.

ಇಂಥವನ ಒಬ್ಬಳೇ ಮಗಳು ಪೂರ್ಣಿಮಾ. ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಆಟದ ಟೀಚರ್ ಎನ್ನಬೇಕಂತೆ. ನನಗೆ ಮೇಷ್ಟ್ರು ಎಂದರೇ ಗೌರವ. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿರುತ್ತದೆ. ಆಕೆ ಒಂದು ಶನಿವಾರ ಸಂಜೆ ಬಸ್ಸಿಳಿದು ಮನೆಗೆ ಬಂದವಳು, ಊಟಕ್ಕೆ ಕೂತಾಗ ಸಲೀಸಾಗಿ, ನಾಳೆ ಹೊಸಹೊಳಲಿಗೆ ಹೋಗಿ ಬರುತ್ತೇನೆ ಎನ್ನುವವಳ ಹಾಗೆ, "ಅಪ್ಪ, ನಾನು ಮುಂದಿನ ತಿಂಗಳು ಹಿಮಾಲಯಕ್ಕೆ ಹೋಗ್ತಾ ಇದ್ದೀನಿ. ಹಿಮದಲ್ಲಿ ಕ್ಯಾಂಪು. ಟೆಂಟಲ್ಲಿ ಹತ್ತು ರಾತ್ರಿ" ಎಂದಳು.

ನನ್ನ ಬಾಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ನುಂಗಲೂ ಆಗದೆ, ಮಾತನಾಡಲೂ ಆಗದೆ ನಾನು ಹೆಂಡತಿಯ ಮುಖ ನೋಡಿದೆ. ಜಯಮ್ಮ ಸಾರು ಬಡಿಸುತ್ತಾ, "ಎಷ್ಟು ಚಳಿ ಇರ್ತದವ್ವಾ ಅಲ್ಲಿ?" ಎಂದು ಕೇಳಿದಳು.

"ಮೈನಸ್ ಹತ್ತು."

ಸೊನ್ನೆಗಿಂತ ಕೆಳಗಿನ ಲೆಕ್ಕ ನಾನು ಶಾಲೆ ಬಿಡುವ ಹೊತ್ತಿಗೆ ಇನ್ನೂ ಬಂದಿರಲಿಲ್ಲ. ಸೊನ್ನೆ ಎಂದರೆ ಏನೂ ಇಲ್ಲ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಏನೂ ಇಲ್ಲದ್ದಕ್ಕಿಂತ ಹತ್ತು ಕಮ್ಮಿ ಇರುವ ಕಡೆ ನನ್ನ ಮಗಳು ಮಲಗಬೇಕು! "ಟೆಂಟು ಯಾರ್ದು?" ಎಂದೆ. ಅಪ್ಪಂದಿರು ಮಗಳ ಸಂಗಾತಿ ಯಾರು, ರೈಲು ಯಾವುದು ಎಂದು ಕೇಳುತ್ತಾರಂತೆ. ನನಗೆ ಮೊದಲು ಬಾಯಿಗೆ ಬಂದದ್ದು ಅದೇ.

"ಅವ್ರೇ ಕೊಡ್ತಾರಪ್ಪ" ಎಂದು ಫೋನಿನಲ್ಲಿ ಒಂದು ಪಟ ತೋರಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಬೆಳ್ಳನೆಯ ಹಿಮದ ಮೇಲೆ ಕಿತ್ತಳೆ ಬಣ್ಣದ ಒಂದು ಗುಳ್ಳೆ. ಬಟ್ಟೆ ಹೆಂಗಸರ ಲಂಗಕ್ಕಿಂತ ತೆಳ್ಳಗೆ. ಅದಾದರೂ ಹೋಗಲಿ, ಪಟವನ್ನು ದೊಡ್ಡದು ಮಾಡಿ ನೋಡಿದರೆ ನೆತ್ತಿಯ ಹತ್ತಿರ ಆ ಕಡೆ ಒಂದು ಈ ಕಡೆ ಒಂದು ಎರಡು ತೂತು! ಅಂಗೈ ಅಗಲದ ತೂತು!

"ಲೇ ಪೂರ್ಣಿ, ಇದು ಅರಿದೋಗೈತೆ ಕಣವ್ವ!"

"ಹರಿದಿಲ್ಲ ಅಪ್ಪ. ಅದು ಗಾಳಿಗೆ ಅಂತ ಬಿಟ್ಟಿರೋದು."

"ಚಳೀಲಿ ಗಾಳಿಗೆ ತೂತ ಬುಡ್ತಾರಾ? ಅದ್ಯಾವನು ಒಲಿಗೆ ಆಕಿದವ್ನೋ ಅವನ್ ಮಗಳನ್ನ ಅದರೊಳಗೆ ಮಲಗಿಸ್ಲಿ. ನೀನು ಓಗಂಗಿಲ್ಲ. ಓಗಂಗಿದ್ರೆ ನನ್ ಟೆಂಟು ತಕಂಡು ಓಗು."

ಹೀಗೆ ಹೇಳಿ ಕೈತೊಳೆದೆ. ಆಕೆಗೆ ಇಪ್ಪತ್ತೈದು ವರ್ಷ, ಸ್ವಂತ ಸಂಬಳ. ನನ್ನ ಮಾತು ಮೀರಿ ಹೋಗಬಹುದಿತ್ತು. ಆದರೆ ಆಕೆ ಹಾಗೆ ಹೋಗುವವಳಲ್ಲ ಎಂಬುದು ನನಗೆ ಗೊತ್ತಿತ್ತು, ಅದನ್ನೇ ಹಿಡಿದುಕೊಂಡು ನಾನು ಅಷ್ಟು ಗಟ್ಟಿಯಾಗಿ ಮಾತನಾಡಿದ್ದೆ ಎಂಬುದು ಆಕೆಗೆ ಗೊತ್ತಿತ್ತು.

ಮುಂದಿನ ಎಂಟು ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಹೊರಗಡೆ ಲಾರಿಗೆ ಹಾಕುವ ದಪ್ಪ ಟಾರ್ಪಾಲು, ನಡುವೆ ಎರಡು ಕರೀ ಕಂಬಳಿ, ಒಳಗಡೆ ಟ್ರಾಕ್ಟರ್ ಸೀಟಿಗೆ ಹಾಕುವ ಮೆತ್ತನೆಯ ರೆಕ್ಸಿನ್ನು. ಎಲ್ಲ ಹೊಲಿಗೆಗೂ ಮೇಣ. ಎಲ್ಲ ಮೇಣಕ್ಕೂ ಪಟ್ಟಿ. ಜಿಪ್ಪನ್ನು ನಾನು ನಂಬುವುದಿಲ್ಲ. ಅದರ ಹಲ್ಲುಗಳ ನಡುವೆ ಗಾಳಿ ನುಗ್ಗುತ್ತದೆ. ಆದ್ದರಿಂದ ಬಾಗಿಲಿಗೆ ಒಂದರ ಮೇಲೊಂದು ಬರುವ ಎರಡು ರೆಕ್ಕೆ ಮಾಡಿ, ಲಾರಿಯ ಲೋಡಿಗೆ ಹಾಕುವಂತೆ ಅಂಚಿಗೆ ಹಿತ್ತಾಳೆಯ ಬಳೆಗಳನ್ನು ಕೂರಿಸಿ, ಅವುಗಳಲ್ಲಿ ಹಗ್ಗ ಪೋಣಿಸಿದೆ. ರಾತ್ರಿ ಮಲಗಿದರೆ ಕಿತ್ತಳೆ ಬಣ್ಣದ ಆ ಗುಳ್ಳೆಯ ತೂತಿನಿಂದ ಹಿಮ ಸುರಿದು ಮಗಳ ಕಾಲು ಮುಚ್ಚಿದಂತೆ ಕನಸು. ಎದ್ದು ಹೋಗಿ ಇನ್ನೊಂದು ಪಟ್ಟಿ ಅಂಟಿಸಿ ಬಂದು ಮಲಗುತ್ತಿದ್ದೆ. ಅಂಗಡಿಗೆ ಬಂದವರೆಲ್ಲ ಏನಿದು ಎಂದು ಕೇಳುವರು. "ಇಮಾಲಯಕ್ಕೆ ಆರ್ಡರು" ಎನ್ನುವೆ. ಅವರು ಟೆಂಟಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ ಸುಮ್ಮನೆ ಹೋಗುವರು.

ಮುಂದಿನ ಭಾನುವಾರ ಪೂರ್ಣಿ ಬಂದು ಅದನ್ನು ನೋಡಿದಳು. ಎತ್ತಲು ಹೋದಳು, ಆಗಲಿಲ್ಲ. ಕಬಡ್ಡಿ ಆಡಿ ಗಟ್ಟಿಯಾದ ಹುಡುಗಿ; ಆದರೂ ಆಗಲಿಲ್ಲ.

"ಅಪ್ಪ, ಇದನ್ನ ಹೊತ್ಕೊಂಡು ಬೆಟ್ಟ ಹತ್ತಕ್ಕೆ ಹಿಂದುಗಡೆ ಒಂದು ಟ್ರಾಕ್ಟರ್ ಬೇಕು."

"ಭಾರ ಇದ್ರೇನೇ ಬೆಚ್ಚಗಿರದು."

"ಬೆಚ್ಚಗಿರೋದು ಭಾರಕ್ಕಲ್ಲಪ್ಪ. ಬಟ್ಟೆ ಪದರದ ಮಧ್ಯ ಗಾಳಿ ನಿಲ್ತದಲ್ಲ, ಅದಕ್ಕೆ. ಆಮೇಲೆ ಚಳಿ ಮೇಲಿಂದ ಬರಲ್ಲ, ನೆಲದಿಂದ ಬರ್ತದೆ. ಆಮೇಲೆ ಬೆವರಬಾರದು, ಒದ್ದೆ ಆಗಬಾರದು. ನೀನು ಒಂದು ತೂತೂ ಬಿಟ್ಟಿಲ್ಲ."

"ತೂತ ಬುಡಕ್ಕೆ ನಾನು ಐವತ್ತು ವರ್ಸ ಕಲೀಬೇಕಾಗಿತ್ತಾ?"

ಆಕೆ ಒಂದು ಮಾತು ಹೇಳಿದಳು. "ಸರಿ. ಪರೀಕ್ಷೆ ಮಾಡೋಣ. ಅಂಥಾ ಚಳೀಲಿ ಮೂರು ಗಂಟೆ ನೀನು ಇದರೊಳಗೆ ಮಲಗು. ಬೆಚ್ಚಗೆ, ಒಣಗಿದ ಮೈಯಲ್ಲಿ ಎದ್ದು ಬಂದರೆ ಇದನ್ನೇ ಹೊರಸ್ಕೊಂಡು ಹೋಗ್ತೀನಿ, ಕುದುರೆ ಮಾಡ್ಕೊಂಡಾದರೂ. ಬರದಿದ್ದರೆ ಅವರ ಟೆಂಟಲ್ಲಿ ಮಲಗ್ತೀನಿ. ನೀನು ನಗ್ತಾ ಕಳಿಸಿಕೊಡಬೇಕು. ನಗ್ತಾ!"

ಒಪ್ಪಿದೆ. ನಗುವುದು ಒಂದು ಷರತ್ತು ಎನ್ನುವುದೇ ನನಗೆ ಆಗ ತಲೆಗೆ ಹೋಗಲಿಲ್ಲ, ಸೋಲುವ ಯೋಚನೆ ಇದ್ದರೆ ತಾನೇ? ತೊಂದರೆ ಇದ್ದದ್ದು ಚಳಿಯದು. ಮೈನಸ್ ಹತ್ತು ನಮ್ಮ ಕಡೆ ಎಲ್ಲಿ ಸಿಗುತ್ತದೆ? ಶಿವಣ್ಣ ದೇವಲಾಪುರಕ್ಕೆ ಬನ್ನಿ ಎಂದು ಕರೆದ. ಅವನ ಕಿವಿಗಳು ಇನ್ನೂ ಉದುರದೆ ಎರಡೂ ಇರುವುದನ್ನು ತೋರಿಸಿ ಬಾಯಿ ಮುಚ್ಚಿಸಿದೆ. ಕೊನೆಗೆ ನೆನಪಾದದ್ದು ಶ್ರೀರಂಗಪಟ್ಟಣದ ರಹಮತ್ ಸಾಬಿ. ಮೀನಿನ ವ್ಯಾಪಾರಕ್ಕೆ ಐಸ್ ಮಾಡಿ ಕೊಡುವವನು, ನನ್ನ ಮೂವತ್ತು ವರ್ಷದ ಗೆಳೆಯ. ಅವನ ಮೀನಿನ ವ್ಯಾನುಗಳಿಗೆಲ್ಲ ನನ್ನದೇ ಹೊದಿಕೆ. ಅವನ ಐಸ್ ರೂಮಿನಲ್ಲಿ ನೇತಾಡುವ ಹಳೆಯ ಥರ್ಮಾಮೀಟರು ಸೊನ್ನೆಯ ಕೆಳಗಿನ ಹತ್ತು ತೋರಿಸುವುದನ್ನು ನೋಡಿದ್ದೆ. ಫೋನು ಮಾಡಿ ವಿಷಯ ಹೇಳಿದೆ.

"ತೌಬಾ ತೌಬಾ! ಚೆಲುವಣ್ಣ, ನಾನು ಮೀನು ಮಡಗೋ ಜಾಗ ಅದು. ಮೀನೂ ಸತ್ತ ಮ್ಯಾಲೇ ಅಲ್ಲಿಗೆ ಓಗದು, ಜೀವಂತ ಓಗಲ್ಲ!"

"ನನ್ ಟೆಂಟು ಐತೆ ಕಣೋ."

"ಸೋಮವಾರ ಬಾ. ನಿಮ್ಮೋರು ಸೋಮವಾರ ಮೀನು ತಿನ್ನಲ್ಲ, ರೂಮು ಖಾಲಿ ಇರ್ತದೆ. ಆದ್ರೆ ಬಾಗಿಲಿಗೆ ಬೀಗ ಆಕಲ್ಲ, ಹತ್ತು ಹತ್ತು ನಿಮಿಸಕ್ಕೆ ನಾನು ನೋಡೇ ನೋಡ್ತೀನಿ. ಒಪ್ಕಂಡ್ರೆ ಬಾ, ಇಲ್ದಿದ್ರೆ ಬ್ಯಾಡ."

ಸೋಮವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಟೆಂಟು ಹೇರಿಕೊಂಡು ನಾನೂ, ಒಂದು ದಿನ ರಜಾ ಹಾಕಿದ್ದ ಪೂರ್ಣಿಯೂ ಹೊರಟೆವು. ಜಯಮ್ಮ ಬರಲಿಲ್ಲ, "ಈ ಚೆಂದ ನೋಡಕ್ಕೆ ನಾನೊಬ್ಳು ಬರಬೇಕಾ" ಎಂದಳು. ಆದರೆ ಅವಳ ಪಾಲಿನದು ನಮ್ಮ ಜೊತೆ ಬಂತು. ನಾಲ್ಕು ದೊಡ್ಡ ರಾಗಿ ಮುದ್ದೆ, ಒಲೆಯಿಂದ ಇಳಿದದ್ದೇ ಬಾಳೆಯೆಲೆಯಲ್ಲಿ ಸುತ್ತಿ, ಅದರ ಮೇಲೆ ಟವೆಲು ಸುತ್ತಿ ಕ್ಯಾರಿಯರಿಗೆ ಹಾಕಿದ್ದಳು. ತಿನ್ನಲಿಕ್ಕಲ್ಲ. ಮುದ್ದೆಯೊಳಗಿನ ಬಿಸಿ ಎಷ್ಟು ಹೊತ್ತು ಇರುತ್ತದೆಂದು ಅವಸರಕ್ಕೆ ನುಂಗಿ ಗಂಟಲು ಸುಟ್ಟುಕೊಂಡ ಎಲ್ಲರಿಗೂ ಗೊತ್ತು. ಪಟ್ಟಣದವರು ಬಿಸಿನೀರಿನ ರಬ್ಬರು ಚೀಲ ಇಟ್ಟುಕೊಂಡು ಮಲಗುತ್ತಾರಂತೆ. ಎರಡು ಕಾಲ ಬುಡಕ್ಕೆ, ಒಂದು ಹೊಟ್ಟೆಗೆ, ಒಂದು ಬೆನ್ನಿಗೆ ಎಂದು ಲೆಕ್ಕ ಹಾಕಿದ್ದೆವು.

ಐಸ್ ರೂಮಿನೊಳಗೆ ಟೆಂಟು ನಿಂತಿತು. ಹೊರಗೆ ಅಂಗಳದಲ್ಲಿ ನಾನು ಬಟ್ಟೆ ಹಾಕತೊಡಗಿದೆ. ಎರಡು ಬನಿಯನ್ನು, ಒಂದು ಅಂಗಿ, ಎರಡು ಸ್ವೆಟರು, ಜರ್ಕಿನ್ನು, ಎರಡು ಪ್ಯಾಂಟು, ಮೂರು ಜೊತೆ ಸಾಕ್ಸು, ಮಂಕಿ ಟೋಪಿ, ಅದರ ಮೇಲೆ ಮಫ್ಲರು. ಗಂಟೆ ಹನ್ನೊಂದಾಗಿತ್ತು, ಬಿಸಿಲು ನೆತ್ತಿಗೆ ಬರುತ್ತಿತ್ತು. ರಸ್ತೆಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಒಬ್ಬ ಮುದುಕ, "ಏನಾಯ್ತು ಯಜಮಾನ್ರೆ, ಚಳಿಜ್ವರವಾ?" ಎಂದು ವಿಚಾರಿಸಿಕೊಂಡ. ಎರಡನೇ ಸ್ವೆಟರಿನೊಳಗೆ ಬೆವರು ಕಾಲುವೆಯಾಗಿ ಇಳಿಯತೊಡಗಿತು.

"ಅಪ್ಪ, ಒಳಗೆ ಹೋಗಿ ಹಾಕ್ಕೋ. ಈಗ ಬೆವರಿದರೆ ಆಮೇಲೆ ಅದೇ ಮೈ ಮೇಲೆ ತಣ್ಣಗಾಗ್ತದೆ" ಎಂದಳು ಪೂರ್ಣಿ.

"ಬೆವರು ಅಂದ್ರೆ ಬಿಸಿ ಕಣವ್ವ. ಬಿಸಿ ಒಳಗಿರ್ಲಿ ಬುಡು" ಎಂದೆ.

ಒಳಗೆ ಹೋಗಿ ಟೆಂಟಿಗೆ ನುಗ್ಗಿದೆ. ಕೆಳಗೆ ಒಂದು ಈಚಲು ಚಾಪೆ, ಮೇಲೆ ಹೊದೆಯಲು ಆರು ರಗ್ಗು. ಚಾಪೆ ಸಾಲದು ಎಂದು ಮಗಳು ಹೇಳಿದರೂ ಕೇಳಲಿಲ್ಲ. ಆರು ರಗ್ಗು ಹೊದ್ದವನಿಗೆ ಹಾಸಿಗೆಯ ಗೊಡವೆ ಏಕೆ? ಪೂರ್ಣಿಯೂ ರಹಮತ್ತನೂ ಹೊರಗಿನಿಂದ ರೆಕ್ಕೆ ಮುಚ್ಚಿ, ನಾನು ಒಳಗಿನಿಂದ ಹೇಳಿಕೊಟ್ಟ ಹಾಗೆ ಹಗ್ಗ ಎಳೆದು ಲೋಡಿನ ಗಂಟು ಹಾಕಿದರು.

"ಒಳಗಿಂದ ಬಿಚ್ಚೋದು ಹೆಂಗಪ್ಪ?" ಎಂದು ಆಕೆ ಕೇಳಿದ್ದು ಕೇಳಿಸಿತು.

"ಒಳಗಿಂದ ಯಾಕ್ ಬಿಚ್ಚಬೇಕು? ಚಳಿ ಇರದು ಒರಗೆ!" ಎಂದೆ.

ಕೊನೆಯ ಸಂದಿಯಿಂದ ಆಕೆಯ ಕೈ ಒಳಗೆ ಬಂತು. ಕೈಯಲ್ಲಿ ಆ ಸೀಟಿ. "ಏನಾದರೂ ಆದರೆ ಊದು." ಬೇಡವೆಂದರೂ ನನ್ನ ಎದೆಯ ಮೇಲೆ ಬಿಟ್ಟು ಕೈ ಹಿಂದಕ್ಕೆ ಹೋಯಿತು. ಸಂದಿ ಮುಚ್ಚಿತು. ದಪ್ಪ ಬಾಗಿಲು ಎಳೆದುಕೊಂಡ ಶಬ್ದ. ಆಮೇಲೆ ಕತ್ತಲೆ, ಮೀನಿನ ವಾಸನೆ ಮತ್ತು ನಾನು.

ಮೊದಲ ಅರ್ಧ ಗಂಟೆ ನಾನು ರಾಜ. ಕಾಲ ಬುಡದಲ್ಲಿ ಮುದ್ದೆ ಕೆಂಡದ ಹಾಗಿದೆ. ಹೊಟ್ಟೆಯ ಮೇಲಿನದು ಹಸಿವಾಗುವಷ್ಟು ಘಮಘಮಿಸುತ್ತಿದೆ. ಹಿಮಾಲಯದಲ್ಲಿ ನನ್ನ ಟೆಂಟಿನ ಮುಂದೆ ಬೇರೆ ಬೇರೆ ರಾಜ್ಯದವರು ಸಾಲು ನಿಂತು, ಎಲ್ಲಿ ಹೊಲಿಸಿದ್ದು ಎಂದು ನನ್ನ ಮಗಳನ್ನು ಕೇಳುವಂತೆಯೂ, ಆಕೆ ಪಾಂಡವಪುರ ಎನ್ನುವಂತೆಯೂ ಕಲ್ಪಿಸಿಕೊಂಡೆ. ಆಗ ಮೂಗಿನ ತುದಿಗೆ ಒಂದು ಹನಿ ಬಿತ್ತು.

ಒರೆಸಿಕೊಂಡೆ. ಇನ್ನೊಂದು ಹಣೆಗೆ ಬಿತ್ತು. ಕೈಯೆತ್ತಿ ಟೆಂಟಿನ ಒಳಮೈ ಮುಟ್ಟಿದರೆ, ಮಳೆಯಲ್ಲಿ ನೆನೆದ ಎಮ್ಮೆಯ ಬೆನ್ನಿನ ಹಾಗೆ ಒದ್ದೆ. ನನ್ನ ಟೆಂಟು ಸೋರುತ್ತಿದೆ! ನನಗೆ ಚಳಿಗಿಂತ ಮೊದಲು ಆದದ್ದು ಅವಮಾನ. ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಕತ್ತಲಲ್ಲಿ ತಡಕಾಡಿದೆ. ಹೊಲಿಗೆಗಳೆಲ್ಲ ಭದ್ರ. ಅಲ್ಲದೆ ಐಸ್ ರೂಮಿನ ಚಾವಣಿಯಿಂದ ಮಳೆ ಬರುವುದಾದರೂ ಹೇಗೆ? ಹನಿ ಮಾತ್ರ ನಿಲ್ಲಲಿಲ್ಲ. ರಗ್ಗು ಒದ್ದೆಯಾಯಿತು. ಅಂಗಳದಲ್ಲಿ ಇಳಿದಿದ್ದ ಬೆವರು ಬೆನ್ನಿನ ಮೇಲೆ ಹಾವಿನ ಹಾಗೆ ತಣ್ಣಗೆ ಮಲಗಿತು. ಮುದ್ದೆಗಳು ಒಂದೊಂದಾಗಿ ಕಲ್ಲಾದವು. ಹೊಟ್ಟೆಯ ಮೇಲೆ ಒಂದು ಗುಂಡುಕಲ್ಲು ಹೇರಿಕೊಂಡು ಮಲಗಿದ ಹಾಗಾಯಿತು. ಚಾಪೆಯಂತೂ ಇದೆಯೋ ಇಲ್ಲವೋ ತಿಳಿಯಲಿಲ್ಲ. ನೆಲದಿಂದ ಚಳಿ ಎದ್ದು ಸೊಂಟದ ಮೂಳೆಯನ್ನು ಹಿಡಿದು ಜಗ್ಗುತ್ತಿತ್ತು. ಮೇಲಿನ ಆರು ರಗ್ಗು ನನ್ನನ್ನು ಅದರ ಕಡೆಗೇ ಒತ್ತಿ ಕೊಡುತ್ತಿದ್ದವು.

ಹಲ್ಲು ಕಟಕಟ ಎನ್ನತೊಡಗಿತು. ಆದರೂ ಮೂರು ಗಂಟೆ ಎಂದರೆ ಮೂರು ಗಂಟೆ. ಹತ್ತು ಹತ್ತು ನಿಮಿಷಕ್ಕೆ ರಹಮತ್ತ ಬಾಗಿಲು ತೆಗೆದು ಕೂಗಿದಾಗೆಲ್ಲ ಬೆಚ್ಚಗಿದ್ದೇನೆ ಎಂದೇ ಹೇಳಿದ್ದೆ. ಹೊರಗೆ ಬರಲು ಮರ್ಯಾದೆಯ ಕಾರಣ ಯಾವುದಾದರೂ ಇದೆಯೇ ಎಂದು ಹುಡುಕಿದೆ. ಮೂತ್ರಕ್ಕೆ ಎನ್ನಬಹುದು. ಮೀನಿನ ವಾಸನೆಗೆ ವಾಂತಿ ಬಂತು ಎನ್ನಬಹುದು. ಅದನ್ನೇ ನಿಶ್ಚಯ ಮಾಡಿಕೊಂಡು ಎದ್ದು ಕೂತು ಬಾಗಿಲ ರೆಕ್ಕೆ ತಳ್ಳಿದೆ. ಅದು ಅಲುಗಲಿಲ್ಲ. ಸಂದಿಯಲ್ಲಿ ಬೆರಳು ತೂರಿಸಲು ನೋಡಿದೆ. ಚೆಲುವಣ್ಣನ ಹೊಲಿಗೆಯಲ್ಲಿ ಬೆರಳು ತೂರುವ ಸಂದಿ ಎಲ್ಲಿಂದ ಬರಬೇಕು? ಗಂಟು ಹೊರಗಿತ್ತು. ಅಷ್ಟು ವರ್ಷ ನಾನು ಮುಚ್ಚಿದ್ದೆಲ್ಲ ಲೋಡು. ಕಬ್ಬು, ಬೆಲ್ಲ, ಭತ್ತ, ಸಿಮೆಂಟು, ಯಾವ ಲೋಡೂ ಒಂದು ದಿನವೂ ನನಗೆ ಹೊರಗೆ ಬರಬೇಕು ಎಂದು ಕೇಳಿರಲಿಲ್ಲ.

ಆಗ ನನಗೆ ನಿಜವಾಗಿ ಭಯವಾಯಿತು. ಭಯ ನನ್ನ ಸಲುವಾಗಿ ಅಲ್ಲ. ಹತ್ತು ಹೆಜ್ಜೆಯಲ್ಲಿ ರಹಮತ್ತ ಇದ್ದಾನೆ, ಬಿಸಿಲಿದೆ. ಈ ಟೆಂಟಿನೊಳಗೆ, ಆ ಬೆಟ್ಟದ ಮೇಲೆ, ಹಿಮದಲ್ಲಿ, ನನ್ನ ಮಗಳು ಒದ್ದೆ ರಗ್ಗಿನಲ್ಲಿ ಕೂತು ಹೀಗೇ ರೆಕ್ಕೆ ತಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಅಪ್ಪ ಹೊಲಿದದ್ದು, ಬಿಚ್ಚುವುದಿಲ್ಲ. ಎಂಟು ದಿನ ಕೂತು, ಊಟ ಬಿಟ್ಟು, ನಾನು ಹೊಲಿದದ್ದು ಇದನ್ನೇ. ಗೆಲ್ಲಬೇಕೆಂದು ಒಳಗೆ ಬಂದವನು, ದೇವರೇ ಸೋಲಿಸಿಬಿಡು ಎಂದು ಬೇಡಿಕೊಳ್ಳುತ್ತಾ ಸೀಟಿ ಬಾಯಿಗಿಟ್ಟೆ. ತುಟಿ ಮರಗಟ್ಟಿತ್ತು. ಮೊದಲೆರಡು ಸಲ ಬರೀ ಉಸಿರು ಹೋಯಿತು. ಮೂರನೆಯ ಸಲ ಸೀಟಿ ಕೂಗಿತು. ಆಮೇಲೆ ನಾನು ನಿಲ್ಲಿಸಲೇ ಇಲ್ಲ.

ಬಾಗಿಲು ತೆರೆದ ಸದ್ದು. ಓಡಿ ಬಂದ ಹೆಜ್ಜೆ. "ಅಪ್ಪ! ಅಪ್ಪ, ಮಾತಾಡು!" ಎಂದು ಪೂರ್ಣಿ ಕೂಗುತ್ತಾ ಗಂಟು ಎಳೆಯುತ್ತಿದ್ದಳು. ಲೋಡಿನ ಗಂಟು ಎಳೆದಷ್ಟೂ ಬಿಗಿಯುತ್ತದೆ. ಅದೇ ಅದರ ಗುಣ, ಅದಕ್ಕೇ ನನ್ನ ಗಂಟಿಗೆ ಹೆಸರು. ಜೊತೆಗೆ ಹಗ್ಗ ಚಳಿಗೆ ಸೆಟೆದು ಕಡ್ಡಿಯಾಗಿತ್ತು.

"ಸರಕೋ ಬೇಟಿ, ಜರುಗು. ಕೊಯ್ದು ಬುಡ್ತೀನಿ" ಎಂದು ರಹಮತ್ತನ ಧ್ವನಿ. ಮೀನು ಕೊಯ್ಯುವ ಚೂರಿ ತಂದಿದ್ದನೆಂದು ಕಾಣುತ್ತದೆ.

ನಿಜ ಹೇಳುತ್ತೇನೆ, ಓದುವವರು ನಕ್ಕರೂ ಪರವಾಗಿಲ್ಲ. ಆ ಸ್ಥಿತಿಯಲ್ಲೂ ನಾನು ಒಳಗಿನಿಂದ, ಹಲ್ಲು ಕಟಕಟಿಸುತ್ತಾ, "ಲೇ ಸಾಬಿ, ಅಗ್ಗ ಕೊಯ್ಯಿ! ಟಾರ್ಪಾಲ್ ಕೊಯ್ಬ್ಯಾಡ ಕಣ್ಲಾ!" ಎಂದು ಕೂಗಿದೆ.

"ಅರೆ ಬದ್ಕಿದಾನೆ ಬುಡವ್ವ" ಎಂದ ರಹಮತ್ತ.

ಅಂಗಳದ ಬಿಸಿಲಿನಲ್ಲಿ ನನ್ನನ್ನು ಕೂರಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ ಲುಂಗಿ ಸುತ್ತಿ, ಶುಂಠಿ ಟೀ ಕೊಟ್ಟರು. ಒಳಗಿದ್ದದ್ದು ಒಂದು ಗಂಟೆ ಹತ್ತು ನಿಮಿಷವಂತೆ. ಎರಡು ಲೋಟ ಒಳಗೆ ಹೋಗುವವರೆಗೆ ನನ್ನ ಕೈ ನಿಲ್ಲಲಿಲ್ಲ. ಪೂರ್ಣಿ ಟೀ ಕುಡಿಯದೆ ನನ್ನ ಪಾದ ತಿಕ್ಕುತ್ತಾ ಕೂತಿದ್ದಳು. ಅಷ್ಟರಲ್ಲಿ ರಹಮತ್ತನೂ ಆಟೋದವನೂ ಟೆಂಟನ್ನು ಎಳೆದುಕೊಂಡು ಬಂದು ಬಿಸಿಲಿನಲ್ಲಿ ಹಾಕಿದರು. ಅದನ್ನು ಒಂದು ಕಡೆ ಎತ್ತಿದಾಗ ಒಳಗಿನಿಂದ ನೀರು ಬುಳುಬುಳು ಎಂದು ಸುರಿದು ಅಂಗಳದಲ್ಲಿ ಹರಿಯಿತು. ರಹಮತ್ತ ಗಡ್ಡ ನೀವಿಕೊಂಡು ನಿಧಾನವಾಗಿ ಅದನ್ನೇ ನೋಡಿದ.

"ಚೆಲುವಣ್ಣ, ನಿನ್ ಮಾತು ನಿಜ. ನಿನ್ ಟಾರ್ಪಾಲು ಒರಗಿನ ನೀರು ಒಳಕ್ಕೆ ಬುಡಲ್ಲ. ಒಳಗಿನ ನೀರೂ ಒರಕ್ಕೆ ಬುಡಲ್ಲ."

"ಒಳಗೆ ನೀರು ಎಲ್ಲಿಂದ ಬಂತ್ಲಾ?" ಎಂದೆ. ನನಗೆ ಇನ್ನೂ ಅದೇ ಸಿಟ್ಟು.

"ನಿನ್ನ ಉಸಿರು ಅಪ್ಪ" ಎಂದಳು ಪೂರ್ಣಿ. "ಉಸಿರಲ್ಲಿ ಆವಿ ಇರ್ತದೆ. ಹೊರಗೆ ಹೋಗಕ್ಕೆ ದಾರಿ ಇಲ್ಲದಿದ್ದರೆ ಮೇಲಕ್ಕೆ ಹೋಗಿ, ತಣ್ಣಗಾಗಿ, ಹನಿಯಾಗಿ ನಿನ್ನ ಮೇಲೇ ಬೀಳ್ತದೆ. ಆ ಎರಡು ತೂತು ಅದಕ್ಕೇ ಬಿಟ್ಟಿರೋದು. ನಿನ್ನದು ಅರ್ಧ, ಅವ್ವನ ಮುದ್ದೇದು ಅರ್ಧ."

ಆಗ ನೆನಪಾಯಿತು, ಚಿನಕುರಳಿ ಕಡೆಯ ಆಲೆಮನೆಯವನೊಬ್ಬ ಹಿಂದೊಮ್ಮೆ ಅಂಗಡಿಗೆ ಬಂದು, "ನಿನ್ ಟಾರ್ಪಾಲ್ ಒಳಗೆ ಬೆಲ್ಲ ಬೆವರ್ತದೆ ಕಣಯ್ಯ" ಎಂದು ದೂರಿದ್ದ. "ನಿನ್ ಬೆಲ್ಲಕ್ಕೆ ಜ್ವರ ಬಂದದೆ, ಡಾಕ್ಟ್ರಿಗೆ ತೋರ್ಸು" ಎಂದು ಬೈದು ಕಳಿಸಿದ್ದೆ. ಪಾಪ, ಬೆಲ್ಲಕ್ಕೆ ಸೀಟಿ ಕೊಟ್ಟವರು ಯಾರೂ ಇರಲಿಲ್ಲ. ಈಚೆಗೆ ನಾಲೆಯ ಬದಿಯಲ್ಲಿ ಆತ ಎದುರಾದಾಗ ನಿಲ್ಲಿಸಿ ಕ್ಷಮೆ ಕೇಳಿದೆ. ಏನಕ್ಕೆ ಎಂದು ಅವನಿಗೆ ನೆನಪೇ ಇರಲಿಲ್ಲ. ನಾನು ಬಲವಂತವಾಗಿ ನೆನಪಿಸಿ, ಅವನಿಗೆ ಹೊಸದಾಗಿ ಸಿಟ್ಟು ಬರಿಸಿ ಬಂದೆ.

ಮಾತಿನ ಪ್ರಕಾರ ನಗುತ್ತಾ ಕಳಿಸಬೇಕಾಯಿತು. ಮೈಸೂರಿನ ರೈಲು ನಿಲ್ದಾಣದಲ್ಲಿ ನಾನು ನಕ್ಕೆ. ಹೇಗೆ ನಕ್ಕೆನೋ, ಪಕ್ಕದಲ್ಲಿ ನಿಂತಿದ್ದ ಯಾರೋ ಹೆಂಗಸು ನನ್ನ ಹೆಂಡತಿಯನ್ನು, "ಯಜಮಾನ್ರಿಗೆ ಹಲ್ಲು ನೋವಾ?" ಎಂದು ಕೇಳಿದಳು. ಹೋಗುವ ಮೊದಲು ಪೂರ್ಣಿ ನನಗೆ ಒಂದೇ ಕೆಲಸ ಕೊಟ್ಟಿದ್ದಳು. ಹಿಮದಲ್ಲಿ ಬೂಟು ಹೊರಗಿಟ್ಟರೆ ಬೆಳಿಗ್ಗೆ ಕಲ್ಲಾಗುತ್ತದಂತೆ, ಮಲಗುವಾಗ ಚೀಲದಲ್ಲಿ ಹಾಕಿ ಕಾಲ ಹತ್ತಿರ ಇಟ್ಟುಕೊಳ್ಳಬೇಕಂತೆ. ಅದಕ್ಕೆ ಒಂದು ಚೀಲ. ಹೊಲಿದೆ. ಅಂಗೈಯಲ್ಲಿ ಮಡಚಿ ಇಡುವಷ್ಟು ಹಗುರ. ಬಾಯಿಗೆ ಜಿಪ್ಪು ಹಾಕಿದೆ. ಬೂಟು ಉಸಿರಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೂ ಎರಡು ತೂತು ಬಿಟ್ಟೆ. ದೊಡ್ಡ ಟೆಂಟು ಶಿವಣ್ಣನ ಹೊಸ ಮನೆಯ ಸಿಮೆಂಟು ಮೂಟೆಗಳ ಮೇಲಿದೆ. ಸಿಮೆಂಟು ಉಸಿರಾಡುವುದಿಲ್ಲ ಎಂದು ಮಗಳನ್ನು ಕೇಳಿ ಖಚಿತ ಮಾಡಿಕೊಂಡೇ ಕೊಟ್ಟೆ.

ಆಕೆ ಬೆಟ್ಟ ಹತ್ತಿದ ಮೇಲೆ ಆರು ದಿನ ಫೋನಿಲ್ಲ. ಅಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಹೇಳಿಯೇ ಹೋಗಿದ್ದಳು. ಆದರೆ ಹೇಳಿ ಹೋದದ್ದು ಎದೆಗೆ ಅರ್ಥವಾಗಬೇಕಲ್ಲ? ಹಗಲು ಹೊಲಿಗೆ ಮಷಿನ್ನಿನ ಮುಂದೆ ಕೂತರೆ ಸೊಂಟದ ಮೂಳೆಗೆ ಆ ಐಸ್ ರೂಮಿನ ನೆಲ ನೆನಪಾಗುತ್ತಿತ್ತು. ಆಕೆ ಕೆಳಗೆ ಏನು ಹಾಸಿಕೊಂಡಿದ್ದಾಳೋ, ಬೆವರಿದಳೋ, ಯಾರಾದರೂ ನನ್ನಂಥ ಬುದ್ಧಿವಂತರು ಆ ತೂತು ಮುಚ್ಚಿಬಿಟ್ಟರೋ. ಎರಡು ತೂತು ಕಂಡು ಮಗಳನ್ನು ತಡೆದ ನಾನೇ, ಈಗ ದಿನಕ್ಕೆ ನೂರು ಸಲ ಆ ತೂತುಗಳು ತೆರೆದಿರಲಪ್ಪ ಎಂದು ಬೇಡುತ್ತಿದ್ದೆ. ಜಯಮ್ಮ, "ಅವ್ಳು ಬೆಚ್ಚಗವ್ಳೆ ಕಣ್ರೀ. ನಡುಗ್ತಾ ಇರೋರು ನೀವು" ಎನ್ನುವಳು. ಹಾಗೆನ್ನುತ್ತಾ ತಾನೂ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡುವಳು.

ಏಳನೆಯ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಜಯಮ್ಮ ಫೋನು ಹಿಡಿದು ಓಡಿಬಂದಳು. ಗಾಳಿಯ ಸದ್ದಿನ ನಡುವೆ ಪೂರ್ಣಿಯ ಧ್ವನಿ.

"ಅಪ್ಪ! ಇಲ್ಲಿ ಗುಡ್ಡದ ತುದೀಲಿ ಸ್ವಲ್ಪ ಸಿಗ್ನಲ್ ಸಿಕ್ತು. ಚೆನ್ನಾಗಿದ್ದೀನಿ. ಬೆಚ್ಚಗೆ ನಿದ್ದೆ ಮಾಡ್ತಾ ಇದ್ದೀನಿ. ರಾತ್ರಿ ಸೆಕೆ ಆಗಿ ಒಂದು ಸ್ವೆಟರ್ ತೆಗೆದೆ."

ಟಾರ್ಪಾಲಿನ ಸುರುಳಿಯ ಮೇಲೆ ಕೂತೆ.

"ಅಪ್ಪ, ಇನ್ನೊಂದು ವಿಷಯ. ಬೈಯಬೇಡ. ಮೊದಲನೇ ರಾತ್ರಿ ಚಳಿಗೆ ಹೆದರಿ ಎಲ್ಲರೂ ತೂತಿಗೆ ಬಟ್ಟೆ ತುರುಕ್ತಾ ಇದ್ದರು. ಹೇಳಿದರೆ ಕೇಳಲಿಲ್ಲ. ಆಗ ನಾನು ನಿನ್ನ ಕತೆ ಹೇಳಿಬಿಟ್ಟೆ. ಐಸ್ ರೂಮು, ಮುದ್ದೆ, ಸೀಟಿ, ಎಲ್ಲಾ. ಬಿದ್ದು ಬಿದ್ದು ನಕ್ಕರು. ಈಗ ನಮ್ಮ ಲೀಡರ್ ಇದ್ದಾರಲ್ಲ, ಅವರು ಹೊಸದಾಗಿ ಬಂದ ಗುಂಪಿಗೂ ಮಲಗೋ ಮುಂಚೆ ಅದನ್ನೇ ಹೇಳ್ತಾರೆ, ಹಿಂದೀಲಿ. ನಿನ್ನ ಹೆಸರು ಹೇಳೇ ಹೇಳ್ತಾರೆ."

"ಅಗ್ಗ ಕೊಯ್ಯಿ, ಟಾರ್ಪಾಲ್ ಕೊಯ್ಬ್ಯಾಡ ಅಂದಿದ್ದೂ ಯೋಳಿದ್ಯಾ?"

"ಅದಕ್ಕೇ ಜಾಸ್ತಿ ನಗೋದು."

ದಬ್ಬಳ ಹಿಡಿದ ದಿನದಿಂದ ಇಂದಿನವರೆಗೆ ನನ್ನ ಕೆಲಸ ನೋಡಿ ಯಾರೂ ನಕ್ಕಿರಲಿಲ್ಲ. ಈಗ ಹಿಮಾಲಯವೇ ನಗುತ್ತಿದೆ.

"ಅಪ್ಪ, ಬೇಜಾರಾಯ್ತಾ?"

"ನಕ್ಕ ಮ್ಯಾಲೆ ತೂತಿನ ಬಟ್ಟೆ ತೆಗೆದ್ರಾ?"

"ಎಲ್ಲರೂ ತೆಗೆದರು."

"ಅಂಗಾದ್ರೆ ನಗ್ಲಿ ಬುಡು" ಎಂದೆ. ಫೋನು ಇಟ್ಟ ಮೇಲೆ ಇನ್ನೊಂದು ಮಾತು ಹೇಳುವುದು ಮರೆತೆನೆಂದು ನೆನಪಾಗಿ ಮತ್ತೆ ಮತ್ತೆ ಒತ್ತಿದೆ, ಸಿಗ್ನಲ್ ಹೋಗಿತ್ತು. ನನ್ನ ಟೆಂಟಿನ ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ, ಕತೆಗೆ ಅದನ್ನೂ ಸೇರಿಸಿಕೊಳ್ಳಲು ಆ ಲೀಡರಿಗೆ ತಿಳಿಸಬೇಕಾಗಿತ್ತು.